ಫಂಕ್ಷನ್ ಅಧ್ಯಾಯ ತೆರೆದು ಓದಿ, ಆಮೇಲೆ ದುಡ್ಡು ಕೊಡಿ

ಪ್ರೋಗ್ರಾಮಿಂಗ್ ಪುಸ್ತಕ ಕೊಳ್ಳಲು ಅಂಗಡಿಗೆ ಹೋದಾಗ ಮೊದಲ ಅಧ್ಯಾಯ ಓದಿ ತೀರ್ಮಾನ ಮಾಡಬೇಡಿ. ಮೊದಲ ಅಧ್ಯಾಯ ಎಲ್ಲ ಪುಸ್ತಕದಲ್ಲೂ ಸಲೀಸಾಗಿಯೇ ಇರುತ್ತದೆ. ಸಾಫ್ಟ್‌ವೇರ್ ಹಾಕಿಕೊಳ್ಳುವುದು, ಪರದೆ ಮೇಲೆ ‘ಹಲೋ ವರ್ಲ್ಡ್’ ಮೂಡಿಸುವುದು, ಅಷ್ಟೇ. ಫಂಕ್ಷನ್ (ಹೆಸರಿಟ್ಟು ಬೇಕಾದಾಗ ಕರೆದು ಬಳಸುವ ಕೋಡ್ ತುಂಡು) ಬಗ್ಗೆ ಹೇಳುವ ಅಧ್ಯಾಯ ತೆರೆಯಿರಿ. ನಿಂತಲ್ಲೇ ಎರಡು ಪುಟ ನಿಧಾನವಾಗಿ ಓದಿ. ಫಂಕ್ಷನ್‌ಗೆ ನಾವು ಏನು ಕಳಿಸುತ್ತೇವೆ, ಅದು ಏನು ವಾಪಸ್ ಕೊಡುತ್ತದೆ, ಒಳಗಿನ ವೇರಿಯಬಲ್ (ಬೆಲೆ ಹಿಡಿದಿಡುವ ಹೆಸರು) ಹೊರಗೆ ಯಾಕೆ ಕಾಣುವುದಿಲ್ಲ. ಈ ಮೂರು ವಿಷಯ ನಿಮಗೆ ಡಿಕ್ಷನರಿ ಇಲ್ಲದೆ ತಲೆಗೆ ಹೋದರೆ ಆ ಪುಸ್ತಕ ನಿಮಗೆ ಆಗಿಬರುತ್ತದೆ. ಹೋಗಲಿಲ್ಲ ಅಂದರೆ, ಅದು ಎಷ್ಟೇ ಹೆಸರಾಂತ ಪುಸ್ತಕ ಆಗಿರಲಿ, ವಾಪಸ್ ಇಟ್ಟುಬಿಡಿ.

ನಾನು ವೈಟ್‌ಫೀಲ್ಡ್ ಕಡೆ ಒಂದು ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಭಾನುವಾರ ಬೆಳಿಗ್ಗೆ ಮತ್ತಿಕೆರೆಯಲ್ಲಿ ಸ್ನೇಹಿತೆಯೊಬ್ಬಳ ಮನೆಯ ಮಹಡಿ ಮೇಲೆ ಕೆಲವು ಹುಡುಗ ಹುಡುಗಿಯರಿಗೆ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಹೇಳಿಕೊಡುತ್ತೇನೆ. ಬಿ.ಕಾಂ. ಓದುವವರಿದ್ದಾರೆ, ಬಿಸಿಎ ಓದುವವರಿದ್ದಾರೆ, ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿರುವವರೂ ಇದ್ದಾರೆ. ಜಾಸ್ತಿ ಜನ ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮಾಧ್ಯಮ. ಕೊರಟಗೆರೆ, ಗೌರಿಬಿದನೂರು, ಮಾಗಡಿ ಕಡೆಯಿಂದ ಬಂದು ಇಲ್ಲಿ ಪಿಜಿಯಲ್ಲೋ ಹಾಸ್ಟೆಲ್‌ನಲ್ಲೋ ಇರುವವರು. ಲೆಕ್ಕದಲ್ಲಿ ಚುರುಕು. ಒಂದು ಲೂಪ್ (ಅದೇ ಸಾಲುಗಳನ್ನು ಮತ್ತೆ ಮತ್ತೆ ಓಡಿಸುವ ಭಾಗ) ಯಾಕೆ ನಿಲ್ಲುತ್ತಿಲ್ಲ ಅಂತ ಕಾಗದದ ಮೇಲೆ ಬರೆದು ತಾವೇ ಕಂಡುಹಿಡಿಯುತ್ತಾರೆ. ಅವರನ್ನು ತಡೆಯುವುದು ಪುಸ್ತಕದ ಇಂಗ್ಲಿಷ್. ‘ಕಲಿಯಲು ಹತ್ತು ಅತ್ಯುತ್ತಮ ಪುಸ್ತಕಗಳು’ ಅಂತ ಪಟ್ಟಿ ಮಾಡುವವರು ಈ ಮಕ್ಕಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಬರೆಯುವುದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ.

ಪುಸ್ತಕವೇ ಯಾಕೆ, ವೀಡಿಯೊ ಸಾಕಲ್ವಾ ಅಂತ ಕೇಳುತ್ತಾರೆ. ವೀಡಿಯೊ ಬೇಡ ಅನ್ನುವುದಿಲ್ಲ. ಐಐಟಿ ಬಾಂಬೆಯವರ ಸ್ಪೋಕನ್ ಟ್ಯುಟೋರಿಯಲ್ ಉಚಿತವಾಗಿದೆ, ಅದರಲ್ಲಿ ಕೆಲವು ಪಾಠಗಳು ಕನ್ನಡದಲ್ಲೂ ಸಿಗುತ್ತವೆ. ಶುರು ಮಾಡಲು ಒಳ್ಳೆಯದು. ಆದರೆ ನನ್ನ ತರಗತಿಯ ಅರ್ಧದಷ್ಟು ಮಕ್ಕಳ ಹತ್ತಿರ ಲ್ಯಾಪ್‌ಟಾಪ್ ಇಲ್ಲ. ಫೋನ್ ಪರದೆಯಲ್ಲಿ ಕೋಡ್‌ನ ಉದ್ದ ಸಾಲು ಮಡಚಿಕೊಂಡು ಕೆಳಗಿಳಿಯುತ್ತದೆ. ಪೈಥಾನ್‌ನಲ್ಲಿ ಸಾಲಿನ ಮುಂದೆ ಬಿಟ್ಟ ಜಾಗಕ್ಕೂ ಅರ್ಥ ಇದೆ. ಯಾವ ಸಾಲು ಲೂಪ್ ಒಳಗೆ, ಯಾವುದು ಹೊರಗೆ ಅನ್ನುವುದು ಆ ಜಾಗದಿಂದಲೇ ಗೊತ್ತಾಗುವುದು. ಫೋನ್‌ನಲ್ಲಿ ಅದು ಕೆಟ್ಟು ಕಾಣಿಸಿದರೆ ಹೊಸಬರು ದಿಕ್ಕು ತಪ್ಪುತ್ತಾರೆ. ಅಚ್ಚಾದ ಪುಟದಲ್ಲಿ ಆ ತೊಂದರೆ ಇಲ್ಲ. ವಾರಪೂರ್ತಿ ಪುಸ್ತಕ ನೋಡಿ ನೋಟ್‌ಬುಕ್‌ನಲ್ಲಿ ಕೋಡ್ ಬರೆದುಕೊಂಡು, ಭಾನುವಾರ ನಮ್ಮ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಓಡಿಸುವವರಿದ್ದಾರೆ. ಅವರೇ ಎಲ್ಲರಿಗಿಂತ ಬೇಗ ಕಲಿತಿದ್ದಾರೆ.

ಈಗ ಪುಸ್ತಕಗಳಿಗೆ ಬರೋಣ.

ಎರಿಕ್ ಮ್ಯಾಥೆಸ್ ಬರೆದ ‘ಪೈಥಾನ್ ಕ್ರ್ಯಾಶ್ ಕೋರ್ಸ್’ ನಾನು ಹೆಚ್ಚು ಮಂದಿಯ ಕೈಗೆ ಕೊಟ್ಟಿರುವ ಪುಸ್ತಕ. ಲೇಖಕರು ಅಲಾಸ್ಕಾದಲ್ಲಿ ಹೈಸ್ಕೂಲ್ ಮೇಷ್ಟರಾಗಿದ್ದವರು. ಅದು ಬರವಣಿಗೆಯಲ್ಲಿ ಗೊತ್ತಾಗುತ್ತದೆ. ಚಿಕ್ಕ ವಾಕ್ಯ. ಒಂದು ಪ್ಯಾರಾದಲ್ಲಿ ಒಂದೇ ಹೊಸ ವಿಷಯ. ಮೊದಲು ಕೋಡ್ ಕೊಡುತ್ತಾರೆ, ಆಮೇಲೆ ಯಾವ ಸಾಲು ಏನು ಮಾಡಿತು ಅಂತ ಬಿಡಿಸಿ ಹೇಳುತ್ತಾರೆ. ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಅಭ್ಯಾಸಗಳು. ಅವು ಅಧ್ಯಾಯದ ಕೊನೆಯಲ್ಲಿ ರಾಶಿ ಬಿದ್ದಿಲ್ಲ, ಒಂದೊಂದು ವಿಷಯ ಮುಗಿಯುತ್ತಿದ್ದಂತೆ ಅಲ್ಲಲ್ಲೇ ಬರುತ್ತವೆ. ಒಂದು ಅಭ್ಯಾಸ ಇನ್ನೊಂದರ ಮೇಲೆ ನಿಲ್ಲುತ್ತದೆ.

ಲಿಸ್ಟ್ ಅಧ್ಯಾಯದ ಒಂದು ಸರಣಿಯನ್ನೇ ನೋಡಿ. ಊಟಕ್ಕೆ ಕರೆಯುವ ಅತಿಥಿಗಳ ಪಟ್ಟಿ ಮಾಡು ಅನ್ನುತ್ತದೆ. ಮುಂದಿನ ಅಭ್ಯಾಸದಲ್ಲಿ ಒಬ್ಬರು ಬರಲು ಆಗುವುದಿಲ್ಲ, ಅವರ ಜಾಗಕ್ಕೆ ಇನ್ನೊಬ್ಬರನ್ನು ಹಾಕು. ಆಮೇಲೆ ದೊಡ್ಡ ಟೇಬಲ್ ಸಿಕ್ಕಿತು, ಇನ್ನೂ ಮೂವರನ್ನು ಸೇರಿಸು. ಕೊನೆಗೆ ಆ ಟೇಬಲ್ ಸಮಯಕ್ಕೆ ಬರುವುದಿಲ್ಲ, ಇಬ್ಬರಿಗೆ ಮಾತ್ರ ಜಾಗ, ಉಳಿದವರನ್ನು ಒಬ್ಬೊಬ್ಬರಾಗಿ ತೆಗೆದು ಕ್ಷಮೆ ಕೇಳು. ಒಂದೇ ಕಥೆಯಲ್ಲಿ ಬದಲಿಸುವುದು, ಸೇರಿಸುವುದು, ತೆಗೆಯುವುದು ಎಲ್ಲ ಬಂತು. ನಮ್ಮ ಒಬ್ಬ ಹುಡುಗಿ ಇದನ್ನು ತಮ್ಮ ಮನೆಯ ಗೃಹಪ್ರವೇಶದ ಪಟ್ಟಿ ಮಾಡಿಕೊಂಡಳು. ಸೋದರಮಾವನನ್ನು ಪಟ್ಟಿಯ ಮೊದಲ ಜಾಗಕ್ಕೆ ಹಾಕಬೇಕು ಅಂತ ಹಟ ಹಿಡಿದು, ಬೇಕಾದ ಜಾಗಕ್ಕೆ ಸೇರಿಸುವ ‘ಇನ್‌ಸರ್ಟ್’ಗೂ ಕೊನೆಗೆ ಸೇರಿಸುವ ‘ಅಪೆಂಡ್’ಗೂ ಇರುವ ವ್ಯತ್ಯಾಸ ತಾನೇ ಕಂಡುಕೊಂಡಳು. ನಾನು ಬಾಯಿಬಿಡಬೇಕಾಗಿಯೇ ಬರಲಿಲ್ಲ. ಒಳ್ಳೆಯ ಅಭ್ಯಾಸ ಅಂದರೆ ಇದು. ಓದುವವರು ತಮ್ಮ ಮನೆ, ತಮ್ಮ ಊರು ತಂದು ಹಾಕಿದರೂ ಅದು ಮುರಿಯುವುದಿಲ್ಲ.

ಪುಸ್ತಕದ ದ್ವಿತೀಯಾರ್ಧದಲ್ಲಿ ಮೂರು ದೊಡ್ಡ ಪ್ರಾಜೆಕ್ಟ್‌ಗಳಿವೆ. ಒಂದು ಆಟ, ಒಂದು ಗ್ರಾಫ್ ಬಿಡಿಸುವುದು, ಒಂದು ವೆಬ್ ಆ್ಯಪ್. ಮೂರನ್ನೂ ಮಾಡಬೇಕು ಅಂತಿಲ್ಲ. ಗ್ರಾಫ್ ಭಾಗ ಮೊದಲು ಮಾಡಿ ಅನ್ನುತ್ತೇನೆ, ಕಾಲೇಜು ಪ್ರಾಜೆಕ್ಟ್‌ಗೆ ಅದೇ ಕೆಲಸಕ್ಕೆ ಬರುವುದು. ವೆಬ್ ಆ್ಯಪ್ ಭಾಗ ಬಂದಾಗ ವೇಗ ಒಮ್ಮೆಲೇ ಜಾಸ್ತಿ ಆಗುತ್ತದೆ, ಒಬ್ಬರೇ ಕೂತು ಓದುವವರಿಗೆ ಕಷ್ಟ. ಕೊಳ್ಳುವುದಾದರೆ 2023ರ ಮೂರನೇ ಆವೃತ್ತಿ ಕೊಳ್ಳಿ. 2019ರ ಎರಡನೆಯದು ಹಳೆಯ ಪುಸ್ತಕದ ಬೆಲೆಗೆ ಸಿಕ್ಕರೆ ಅದೂ ಆದೀತು, ಮೊದಲ ಭಾಗಕ್ಕೆ ಏನೂ ಕೊರತೆ ಇಲ್ಲ.

ಬಿ.ಕಾಂ. ಮಕ್ಕಳಿಗೆ ನಾನು ಬೇರೆ ಪುಸ್ತಕ ಹೇಳುತ್ತೇನೆ. ಆಲ್ ಸ್ವೈಗಾರ್ಟ್ ಬರೆದ ‘ಆಟೊಮೇಟ್ ದ ಬೋರಿಂಗ್ ಸ್ಟಫ್ ವಿತ್ ಪೈಥಾನ್’. ಎಕ್ಸೆಲ್ ಫೈಲ್ ತೆರೆದು ಲೆಕ್ಕ ಹಾಕುವುದು, ಪಿಡಿಎಫ್‌ನಿಂದ ಅಕ್ಷರ ತೆಗೆಯುವುದು, ನೂರಾರು ಫೈಲ್‌ಗಳ ಹೆಸರು ಒಟ್ಟಿಗೆ ಬದಲಿಸುವುದು, ಇಂಥ ಆಫೀಸ್ ಕೆಲಸಗಳೇ ಇದರ ಪಾಠ. ಜಿಎಸ್‌ಟಿ ಲೆಕ್ಕ ಬರೆಯುವ ಆಡಿಟರ್ ಆಫೀಸಿನಲ್ಲಿ ಆರ್ಟಿಕಲ್‌ಶಿಪ್ ಮಾಡುವ ಹುಡುಗನಿಗೆ ಆಟದ ಪ್ರೋಗ್ರಾಮ್ ಕೊಟ್ಟರೆ ಆಸಕ್ತಿ ಬರುವುದಿಲ್ಲ. ಎರಡು ಶೀಟ್ ಹೋಲಿಸಿ ತಾಳೆಯಾಗದ ಬಿಲ್ ತೋರಿಸುವ ಪ್ರೋಗ್ರಾಮ್ ಬರೆಯಬಹುದು ಅಂದರೆ ಕಣ್ಣರಳಿಸುತ್ತಾನೆ. ಈ ಇಡೀ ಪುಸ್ತಕವನ್ನು ಲೇಖಕರೇ ಇಂಟರ್‌ನೆಟ್‌ನಲ್ಲಿ ಓದಲು ಉಚಿತವಾಗಿ ಇಟ್ಟಿದ್ದಾರೆ. ಎರಡು ಅಧ್ಯಾಯ ಅಲ್ಲಿ ಓದಿ, ಹಿಡಿಸಿದರೆ ಆಮೇಲೆ ಅಚ್ಚಿನ ಪ್ರತಿ ಕೊಳ್ಳಿ. ಇದರ ಇಂಗ್ಲಿಷ್ ‘ಪೈಥಾನ್ ಕ್ರ್ಯಾಶ್ ಕೋರ್ಸ್’ಗಿಂತ ಸ್ವಲ್ಪ ಹರಟೆಯ ಧಾಟಿಯದು. ಕೆಲವರಿಗೆ ಅದು ಹಿತ, ಕೆಲವರು ಅಲ್ಲೇ ಎಡವುತ್ತಾರೆ.

ಅಲೆನ್ ಡೌನಿ ಅವರ ‘ಥಿಂಕ್ ಪೈಥಾನ್’ ಕೂಡ ಉಚಿತವಾಗಿ ಓದಬಹುದು. ಮೂರನೇ ಆವೃತ್ತಿ 2024ರಲ್ಲಿ ಬಂತು. ತೆಳುವಾದ ಪುಸ್ತಕ, ಆದರೆ ಸುಲಭ ಅಂದುಕೊಳ್ಳಬೇಡಿ. ಇದರಲ್ಲಿ ನಮ್ಮ ಮಕ್ಕಳಿಗೆ ಒಂದು ದೊಡ್ಡ ಉಪಕಾರ ಇದೆ. ಪ್ರತಿ ಅಧ್ಯಾಯದ ಕೊನೆಯಲ್ಲಿ ಆ ಅಧ್ಯಾಯದ ಪದಕೋಶ ಇದೆ. ಪ್ಯಾರಾಮೀಟರ್ ಅಂದರೆ ಏನು, ಆರ್ಗ್ಯುಮೆಂಟ್ ಅಂದರೆ ಏನು, ಎರಡೂ ಹೇಗೆ ಬೇರೆ, ಒಂದೊಂದೇ ಸಾಲಿನಲ್ಲಿ. ಇಂಟರ್‌ವ್ಯೂಗೆ ಹೋಗುವವರು ಇದನ್ನು ಜೋರಾಗಿ ಓದಿಕೊಳ್ಳಬೇಕು. ಉತ್ತರ ಗೊತ್ತಿದ್ದೂ ಸರಿಯಾದ ಪದ ಬಾಯಿಗೆ ಬಾರದೆ ಒದ್ದಾಡಿದವರನ್ನು ನಾನು ನೋಡಿದ್ದೇನೆ. ಜೊತೆಗೆ, ತಪ್ಪು ಹುಡುಕುವುದು ಹೇಗೆ ಅಂತ ಅಧ್ಯಾಯ ಅಧ್ಯಾಯಕ್ಕೂ ಒಂದು ಭಾಗ ಇದೆ. ಟೆಸ್ಟಿಂಗ್ ಕೆಲಸದವಳಾಗಿ ನನಗೆ ಅದು ಬಹಳ ಬೆಲೆಯುಳ್ಳದ್ದು. ಎರರ್ ಬಂದಾಗ ಕೊನೆಯ ಸಾಲನ್ನು ಮೊದಲು ಓದಬೇಕು ಅನ್ನುವುದನ್ನು ಎಷ್ಟು ಪುಸ್ತಕಗಳು ಹೇಳಿಕೊಡುತ್ತವೆ ಹೇಳಿ?

ದಪ್ಪ ಪುಸ್ತಕಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮಾರ್ಕ್ ಲುಟ್ಜ್ ಅವರ ‘ಲರ್ನಿಂಗ್ ಪೈಥಾನ್’ ಐದನೇ ಆವೃತ್ತಿ ಸಾವಿರದ ಐನೂರು ಪುಟ ಮೀರಿದೆ. ಒಳ್ಳೆಯ ಪುಸ್ತಕವೇ, ಎಲ್ಲವೂ ಅದರಲ್ಲಿದೆ. ಆದರೆ ಪಿಜಿ ರೂಮಿನಲ್ಲಿ ರಾತ್ರಿ ಒಂದು ಗಂಟೆ ಓದುವ ಹುಡುಗನಿಗೆ ಅದು ಮೊದಲ ಪುಸ್ತಕ ಅಲ್ಲ.

ಸಿ ಭಾಷೆ ಕಲಿಯುವವರ ಕಷ್ಟ ಬೇರೆ. ಬ್ರಯನ್ ಕರ್ನಿಘನ್, ಡೆನ್ನಿಸ್ ರಿಚಿ ಬರೆದ ‘ದ ಸಿ ಪ್ರೋಗ್ರಾಮಿಂಗ್ ಲ್ಯಾಂಗ್ವೇಜ್’ ಎಲ್ಲ ಪಟ್ಟಿಯಲ್ಲೂ ಮೊದಲು ಬರುತ್ತದೆ. ರಿಚಿ ಸಿ ಭಾಷೆಯನ್ನು ರೂಪಿಸಿದವರೇ. ಮೊದಲು ಬಂದದ್ದು 1978ರಲ್ಲಿ, ಎರಡನೇ ಆವೃತ್ತಿ 1988ರಲ್ಲಿ. ಮುನ್ನೂರು ಪುಟ ಕೂಡ ಇಲ್ಲ. ಒಂದು ಪದ ದಂಡ ಇಲ್ಲ. ನನಗೆ ಈ ಪುಸ್ತಕದ ಮೇಲೆ ಪ್ರೀತಿ ಇದೆ. ಆದರೂ ಹೊಸಬರಿಗೆ ಕೊಡುವುದಿಲ್ಲ. ವೇರಿಯಬಲ್, ಲೂಪ್, ಫಂಕ್ಷನ್ ಇವೆಲ್ಲ ಸ್ವಲ್ಪ ಗೊತ್ತಿರುವವರಿಗೆ ಈ ಪುಸ್ತಕ ಅಂತ ಲೇಖಕರೇ ಮುನ್ನುಡಿಯಲ್ಲಿ ಹೇಳಿದ್ದಾರೆ. ಪಟ್ಟಿ ಮಾಡುವವರು ಆ ಮುನ್ನುಡಿ ಓದುವುದಿಲ್ಲ ಅನಿಸುತ್ತದೆ. ಒಂದು ಸೆಮಿಸ್ಟರ್ ಸಿ ಆದ ಮೇಲೆ ಇದನ್ನು ಓದಿ. ಪಾಯಿಂಟರ್ (ಮೆಮೊರಿಯ ವಿಳಾಸ ಹಿಡಿದಿಡುವ ವೇರಿಯಬಲ್) ಅಧ್ಯಾಯ ಆಗ ರುಚಿಸುತ್ತದೆ.

ನಮ್ಮ ಯಶವಂತ ಕಾನೇಟ್ಕರ್ ಅವರ ‘ಲೆಟ್ ಅಸ್ ಸಿ’ ಬಗ್ಗೆ ಕೆಲವರು ಹಗುರವಾಗಿ ಮಾತಾಡುತ್ತಾರೆ. ನನಗೆ ಅದು ಒಪ್ಪಿಗೆ ಇಲ್ಲ. ಅದರ ಇಂಗ್ಲಿಷ್ ನಮ್ಮ ಮಕ್ಕಳಿಗೆ ತಿಳಿಯುವ ಇಂಗ್ಲಿಷ್. ಕನ್ನಡ ಮಾಧ್ಯಮದಿಂದ ಬಂದು ಇವತ್ತು ದೊಡ್ಡ ಕಂಪನಿಗಳಲ್ಲಿ ಇರುವ ಎಷ್ಟೋ ಜನ ಅದರಿಂದಲೇ ಶುರು ಮಾಡಿದವರು. ಆದರೆ ಅಂಗಡಿಯಲ್ಲಿ ಸಿಗುವ ಹಳೆಯ ಆವೃತ್ತಿಗಳು ಟರ್ಬೊ ಸಿ ಅನ್ನುವ ಹಳೆಯ ಕಂಪೈಲರ್ (ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಸಾಫ್ಟ್‌ವೇರ್) ಕಾಲದವು. ಅಲ್ಲೇ ಎಚ್ಚರ ಬೇಕು.

ಹಳೆಯ ಸಿ ಪುಸ್ತಕವನ್ನು ಗುರುತು ಹಿಡಿಯುವುದು ಕಷ್ಟ ಅಲ್ಲ. ಪೂರ್ಣಾಂಕ ಇಡುವ ಇಂಟಿಜರ್‌ನಲ್ಲಿ ಇಡಬಹುದಾದ ದೊಡ್ಡ ಸಂಖ್ಯೆ 32767 ಅಂತ ಬರೆದಿದ್ದರೆ ಅದು ಹದಿನಾರು ಬಿಟ್ ಕಂಪೈಲರ್ ಕಾಲದ ಪುಸ್ತಕ. ಈಗ ನಾವು ಬಳಸುವ ಜಿಸಿಸಿ ಕಂಪೈಲರ್‌ನಲ್ಲಿ ಇಂಟಿಜರ್ ನಾಲ್ಕು ಬೈಟ್, ಇನ್ನೂರ ಹದಿನಾಲ್ಕು ಕೋಟಿಗೂ ಮೀರಿ ಹೋಗುತ್ತದೆ. ಪ್ರತಿ ಪ್ರೋಗ್ರಾಮ್ ಶುರುವಿನಲ್ಲಿ ‘ಕೋನಿಯೊ’ ಹೆಡರ್, ಪರದೆ ಒರೆಸುವ ‘ಸಿಎಲ್ಆರ್‌ಎಸ್‌ಸಿಆರ್’, ಕೊನೆಗೆ ಒಂದು ಕೀ ಒತ್ತುವವರೆಗೆ ಕಾಯುವ ‘ಗೆಟ್‌ಸಿಎಚ್’ ಇದ್ದರೆ ಅದೂ ಅದೇ ಕಾಲದ್ದು. ಆ ಕೋಡ್ ಇವತ್ತಿನ ಲಿನಕ್ಸ್‌ನಲ್ಲಿ ಹಾಗೇ ಓಡುವುದಿಲ್ಲ. ಹೊಸಬರು ತಮ್ಮದೇ ತಪ್ಪು ಅಂದುಕೊಂಡು ಕೂತುಬಿಡುತ್ತಾರೆ. ತಪ್ಪು ಅವರದಲ್ಲ.

ಪೈಥಾನ್ ಪುಸ್ತಕಕ್ಕೂ ಇಂಥ ಗುರುತುಗಳಿವೆ. ‘ಪ್ರಿಂಟ್’ ಆದ ಮೇಲೆ ಬ್ರಾಕೆಟ್ ಇಲ್ಲದೆ ನೇರವಾಗಿ ಉದ್ಧರಣ ಚಿಹ್ನೆ ಬಂದರೆ ಅದು ಪೈಥಾನ್ ಎರಡು. ‘ರಾ ಇನ್‌ಪುಟ್’ ಕಂಡರೂ ಅಷ್ಟೇ. ಪೈಥಾನ್ ಎರಡಕ್ಕೆ 2020ರ ಜನವರಿ 1ರಿಂದ ಬೆಂಬಲ ನಿಂತಿದೆ. ಎಷ್ಟೇ ಅಗ್ಗವಾಗಿ ಸಿಕ್ಕರೂ ಬೇಡ. ಇನ್ನೊಂದು ಪರೀಕ್ಷೆ, ಸ್ಟ್ರಿಂಗ್ (ಅಕ್ಷರಗಳ ಸಾಲು) ಅಧ್ಯಾಯದಲ್ಲಿ ಉದ್ಧರಣ ಚಿಹ್ನೆಯ ಮುಂದೆ ‘ಎಫ್’ ಅಕ್ಷರ ಇದೆಯಾ ನೋಡಿ. ಎಫ್-ಸ್ಟ್ರಿಂಗ್ ಬಂದದ್ದು 2016ರ ಕೊನೆಯಲ್ಲಿ, ಪೈಥಾನ್ 3.6ರ ಜೊತೆ. ಅದನ್ನು ಬಳಸುವ ಪುಸ್ತಕ ಆ ನಂತರದ್ದು ಅಂತ ಧೈರ್ಯವಾಗಿ ಹೇಳಬಹುದು. ಜಾವಾ ಭಾಷೆಗೆ ‘ಹೆಡ್ ಫಸ್ಟ್ ಜಾವಾ’ ಕೊಳ್ಳುವವರು 2022ರ ಮೂರನೇ ಆವೃತ್ತಿಯೇ ಹುಡುಕಿ. ಹಳೆಯ ಪುಸ್ತಕದ ಕಪಾಟಿನಲ್ಲಿ ಕಾಣುವ ಎರಡನೇ ಆವೃತ್ತಿ 2005ರದ್ದು. 2014ರಲ್ಲಿ ಜಾವಾ 8 ತಂದ ಲ್ಯಾಂಬ್ಡಾ (ಹೆಸರಿಲ್ಲದ ಚಿಕ್ಕ ಫಂಕ್ಷನ್), ಸ್ಟ್ರೀಮ್ (ಡೇಟಾವನ್ನು ಹಂತ ಹಂತವಾಗಿ ಸಂಸ್ಕರಿಸುವ ವಿಧಾನ) ಅದರಲ್ಲಿ ಇರಲು ಸಾಧ್ಯವೇ ಇಲ್ಲ, ಇವತ್ತಿನ ಕೆಲಸದಲ್ಲಿ ಅವಿಲ್ಲದೆ ಆಗುವುದೂ ಇಲ್ಲ.

ಅಂಗಡಿಗಳ ವಿಷಯ. ಹೊಸ ಪುಸ್ತಕ, ಅದರಲ್ಲೂ ನಮ್ಮ ದೇಶದ ಪ್ರಕಾಶಕರದ್ದು ಬೇಕು ಅಂದರೆ ಗಾಂಧಿನಗರದ ಸಪ್ನಾ ಬುಕ್ ಹೌಸ್. ಮೆಜೆಸ್ಟಿಕ್‌ನಲ್ಲಿ ಇಳಿದು ನಡೆದೇ ಹೋಗಬಹುದು. ಒಂದೇ ಭಾಷೆಯ ಹಲವು ಪುಸ್ತಕಗಳನ್ನು ಅಕ್ಕಪಕ್ಕ ಇಟ್ಟುಕೊಂಡು ಹೋಲಿಸಲು ನನಗೆ ಅನುಕೂಲವಾಗಿ ಕಂಡಿರುವ ಜಾಗ ಅದು. ಕನ್ನಡದಲ್ಲೇ ಮಾತಾಡಿ ಕೇಳಬಹುದು, ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಇದು ಸಣ್ಣ ವಿಷಯ ಅಲ್ಲ.

ಚರ್ಚ್ ಸ್ಟ್ರೀಟ್‌ನ ಬ್ಲಾಸಮ್ ಮತ್ತು ಬುಕ್‌ವರ್ಮ್ ಎರಡರಲ್ಲೂ ಹೊಸದು, ಹಳೆಯದು ಒಟ್ಟಿಗೆ ಸಿಗುತ್ತವೆ. ಎಂ.ಜಿ. ರೋಡ್ ಮೆಟ್ರೊದಿಂದ ಹತ್ತಿರ. ನಿಂತು ಓದಿದರೆ ಯಾರೂ ಮುಖ ಸಿಂಡರಿಸುವುದಿಲ್ಲ. ನನಗೆ ಅಂಗಡಿಯಲ್ಲಿ ಬೇಕಾಗಿರುವುದು ಇದೇ. ಫಂಕ್ಷನ್ ಅಧ್ಯಾಯ ಓದಲು ಬಿಡದ ಅಂಗಡಿಯಲ್ಲಿ ಪುಸ್ತಕ ಆರಿಸುವುದು ಹೇಗೆ? ಕಂಪ್ಯೂಟರ್ ಪುಸ್ತಕಗಳ ಪಾಲು ಕಾದಂಬರಿಗಳ ಮುಂದೆ ಕಡಿಮೆ, ಹಳೆಯ ಆವೃತ್ತಿಗಳು ಹೊಸದರ ಜೊತೆ ಬೆರೆತಿರುತ್ತವೆ. ಮೇಲೆ ಹೇಳಿದ ಗುರುತುಗಳು ಇಲ್ಲಿ ಕೆಲಸಕ್ಕೆ ಬರುತ್ತವೆ. ಅವೆನ್ಯೂ ರೋಡ್‌ಗೆ ನಾನು ಸಿಲಬಸ್ ಪುಸ್ತಕಕ್ಕೆ ಮಾತ್ರ ಕಳಿಸುತ್ತೇನೆ. ಚಿಕ್ಕಪೇಟೆ ಮೆಟ್ರೊದಲ್ಲಿ ಇಳಿಯಿರಿ, ಚೌಕಾಸಿ ಮಾಡಿ. ಹಿಂದಿನ ವಿದ್ಯಾರ್ಥಿ ಪೆನ್ಸಿಲ್‌ನಲ್ಲಿ ಉತ್ತರ ಬರೆದಿಟ್ಟ ಪ್ರತಿ ತೆಗೆದುಕೊಳ್ಳಬೇಡಿ. ಅಭ್ಯಾಸ ಮಾಡುವ ಮೊದಲೇ ಉತ್ತರ ಕಣ್ಣಿಗೆ ಬಿದ್ದರೆ ಆ ಅಭ್ಯಾಸ ಹಾಳು.

ಆನ್‌ಲೈನ್‌ನಲ್ಲಿ ಕೊಳ್ಳುವವರಿಗೆ ಒಂದು ಮಾತು. ನಮ್ಮ ತರಗತಿಯ ಹುಡುಗನೊಬ್ಬ ಅರ್ಧ ಬೆಲೆಗೆ ಸಿಕ್ಕಿತು ಅಂತ ಒಂದು ಪೈಥಾನ್ ಪುಸ್ತಕ ತರಿಸಿದ. ಬಂದದ್ದು ಕಳ್ಳ ಮುದ್ರಣ. ಕಾಗದ ತೆಳು, ಹಿಂದಿನ ಪುಟದ ಅಕ್ಷರ ಮುಂದಕ್ಕೆ ಕಾಣುತ್ತಿತ್ತು. ಅದನ್ನು ಹೇಗೋ ಸಹಿಸಬಹುದಿತ್ತು. ಆದರೆ ಪುಟದ ಎಡ ಅಂಚು ಬೈಂಡಿಂಗ್ ಒಳಗೆ ಹೋಗಿ, ಸಾಲುಗಳ ಮುಂದಿನ ಜಾಗ ಎಷ್ಟು ಅಂತಲೇ ತಿಳಿಯುತ್ತಿರಲಿಲ್ಲ. ಯಾವ ಸಾಲು ‘ಇಫ್’ ಒಳಗೆ, ಯಾವುದು ಹೊರಗೆ ಅಂತ ಗೊತ್ತಾಗದ ಪೈಥಾನ್ ಪುಸ್ತಕ ಇಟ್ಟುಕೊಂಡು ಏನು ಮಾಡುವುದು? ಅವನು ಪಾರ್ಟ್‌ಟೈಮ್ ಕೆಲಸ ಮಾಡಿ ಉಳಿಸಿದ ದುಡ್ಡು ಅದು. ಮಾರಿದವರು ವಾಪಸ್ ತೆಗೆದುಕೊಳ್ಳಲಿಲ್ಲ. ನನಗೆ ಇವತ್ತಿಗೂ ಸಿಟ್ಟಿದೆ.

ಅಮೆರಿಕದ ಒರೈಲಿ ಪ್ರಕಾಶಕರ ಪುಸ್ತಕಗಳನ್ನು ಶ್ರಾಫ್ ಅನ್ನುವ ಪ್ರಕಾಶಕರು ಇಲ್ಲೇ ಅಚ್ಚು ಹಾಕಿ ಕಡಿಮೆ ಬೆಲೆಗೆ ಕೊಡುತ್ತಾರೆ. ಅದು ಅಸಲಿ, ಹೆದರಬೇಕಿಲ್ಲ. ಎಷ್ಟೋ ಪುಸ್ತಕಗಳ ಒಳಪುಟ ಕಪ್ಪು ಬಿಳುಪು ಇರುತ್ತದೆ. ಬರೀ ಕೋಡ್ ಇರುವ ಪುಸ್ತಕಕ್ಕೆ ಅದರಿಂದ ನಷ್ಟ ಇಲ್ಲ. ಡೇಟಾ ಸೈನ್ಸ್ ಪುಸ್ತಕ ಆದರೆ ಗ್ರಾಫ್ ಇರುವ ಪುಟ ತೆರೆದು ನೋಡಿ. ಕೆಂಪು ಗೆರೆ, ನೀಲಿ ಗೆರೆ ಎರಡೂ ಬೂದು ಬಣ್ಣವಾಗಿ ಬೆರೆತಿದ್ದರೆ ಓದುವುದು ಕಷ್ಟ.

ಮೊದಲ ಪುಸ್ತಕ ಮುಗಿಸಿದವರು ಕೇಳುವ ಎರಡನೇ ಪುಸ್ತಕಕ್ಕೆ ನನ್ನ ಆಯ್ಕೆ ಲೂಸಿಯಾನೊ ರಮಾಲ್ಯೊ ಅವರ ‘ಫ್ಲೂಯೆಂಟ್ ಪೈಥಾನ್’, 2022ರ ಎರಡನೇ ಆವೃತ್ತಿ. ಇಂಗ್ಲಿಷ್ ಗಟ್ಟಿ, ವಿಷಯವೂ ಗಟ್ಟಿ. ಇಡೀ ಪುಸ್ತಕ ಬೇಡ, ನಾಲ್ಕನೇ ಅಧ್ಯಾಯ ಓದಿ ಅನ್ನುತ್ತೇನೆ. ಅದು ಯೂನಿಕೋಡ್ ಬಗ್ಗೆ, ಅಂದರೆ ಎಲ್ಲ ಭಾಷೆಗಳ ಅಕ್ಷರಗಳಿಗೂ ಕಂಪ್ಯೂಟರ್‌ನಲ್ಲಿ ಇರುವ ಸಂಕೇತಗಳ ಬಗ್ಗೆ. ನಮ್ಮ ಮಕ್ಕಳು ಯಾವಾಗಲಾದರೂ ಒಮ್ಮೆ ಪೈಥಾನ್‌ಗೆ ‘ಕನ್ನಡ’ ಅಂತ ಕೊಟ್ಟು ಉದ್ದ ಎಷ್ಟು ಅಂತ ಕೇಳೇ ಕೇಳುತ್ತಾರೆ. ಉತ್ತರ 5 ಬರುತ್ತದೆ. ಕಣ್ಣಿಗೆ ಕಾಣುವುದು ಮೂರಕ್ಷರ. ಕ, ನ, ಅರ್ಧಾಕ್ಷರ ಮಾಡುವ ಚಿಹ್ನೆ, ಇನ್ನೊಂದು ನ, ಡ, ಹೀಗೆ ಐದು ಸಂಕೇತ ಒಳಗೆ ಇವೆ. ಹೊಸಬರ ಪುಸ್ತಕಗಳು ಇದನ್ನು ಮುಟ್ಟುವುದೇ ಕಡಿಮೆ, ಅವುಗಳ ಉದಾಹರಣೆಗಳೆಲ್ಲ ಇಂಗ್ಲಿಷ್ ಹೆಸರುಗಳು. ನಾಳೆ ಕನ್ನಡದ ಆ್ಯಪ್ ಮಾಡುವವರು, ಕನ್ನಡ ಹೆಸರುಗಳಿರುವ ಡೇಟಾ ಸರಿಪಡಿಸುವವರು ಇವರೇ ಅಲ್ವಾ? ಈ ಅಧ್ಯಾಯ ಅವರಿಗೆ ತಿಳಿದಿರಲೇಬೇಕು. ಅದನ್ನು ನಾನು ಕೂತು ಜೊತೆಗೇ ಓದಿಸುತ್ತೇನೆ, ಸಾಲು ಸಾಲಾಗಿ, ಕನ್ನಡದಲ್ಲಿ ಬಿಡಿಸಿ.

ಅಂಗಡಿಗೆ ಹೋಗುವವರು ವಾರದ ದಿನ ಬೆಳಿಗ್ಗೆ ಹೋಗಿ. ಭಾನುವಾರ ಸಂಜೆ ಚರ್ಚ್ ಸ್ಟ್ರೀಟ್‌ನಲ್ಲಿ ಜನ ಜಾಸ್ತಿ, ಕಪಾಟಿನ ಮುಂದೆ ನಿಂತು ಎರಡು ಪುಟ ಓದಲು ಜಾಗ ಸಿಗುವುದಿಲ್ಲ. ಒಂದು ನೋಟ್‌ಬುಕ್, ಪೆನ್ನು ಜೊತೆಗಿರಲಿ. ಇಷ್ಟವಾದ ಪುಸ್ತಕದ ಒಂದು ಅಭ್ಯಾಸವನ್ನು ಅಲ್ಲೇ ಬರೆದುಕೊಂಡು ಮನೆಗೆ ಬನ್ನಿ, ಮಾಡಿ ನೋಡಿ. ಮುಂದಿನ ಅಭ್ಯಾಸ ಏನಿರಬಹುದು ಅಂತ ಆಸೆ ಹುಟ್ಟಿದರೆ ಮಾರನೇ ದಿನ ಹೋಗಿ ತನ್ನಿ.